ಪ್ರೀತಿಯ ಬಗ್ಗೆ ಓದಿದ್ದನ್ನು ಮನೆಯಲ್ಲಿ ಮಾಡಿ ನೋಡಿದ್ದು

ಸಂಬಂಧಗಳ ಬಗ್ಗೆ ಬರೆದ ಪುಸ್ತಕ ಓದುವಾಗ ನಾನು ಒಂದು ನಿಯಮ ಇಟ್ಟುಕೊಂಡಿದ್ದೇನೆ. ಪ್ರತಿ ಪುಸ್ತಕದಿಂದ ಒಂದು ಕೆಲಸ ಆರಿಸಿಕೊಳ್ಳುತ್ತೇನೆ. ಅದು ನಾನೇ ಮಾಡುವಂಥದ್ದಾಗಿರಬೇಕು. ಗಂಡ ಏನು ಬದಲಾಯಿಸಿಕೊಳ್ಳಬೇಕು, ಮಗ ಏನು ಕಲಿಯಬೇಕು ಅನ್ನೋದೆಲ್ಲ ಇದರಲ್ಲಿ ಬರೋದಿಲ್ಲ. ಆ ಕೆಲಸ ರೂಢಿಯಾಗುವ ತನಕ ಮುಂದಿನ ಪುಸ್ತಕ ತೆಗೆಯುವುದಿಲ್ಲ. ಹಾಗಾಗಿ ಓದಿದ್ದು ಜಾಸ್ತಿ ಇಲ್ಲ, ಓದಿದ್ದರಲ್ಲಿ ಬಹಳಷ್ಟು ಮನೆಯಲ್ಲಿ ಉಳಿದಿದೆ.

ಹೀಗೆ ಓದುವ ಯೋಚನೆ ಬಂದದ್ದು ಎರಿಕ್ ಫ್ರಾಮ್ ಅವರಿಂದ. ಅವರ 'ದಿ ಆರ್ಟ್ ಆಫ್ ಲವಿಂಗ್' 1956ರಲ್ಲಿ ಬಂತು. ತೆಳ್ಳಗಿನ ಪುಸ್ತಕ. ಸಂಗೀತವನ್ನೋ ಮರಗೆಲಸವನ್ನೋ ಕಲಿಯುವ ಹಾಗೆ ಪ್ರೀತಿಸುವುದನ್ನೂ ಕಲಿಯಬೇಕು ಅನ್ನುತ್ತಾರೆ. ತಮ್ಮನ್ನು ಯಾರು ಪ್ರೀತಿಸುತ್ತಾರೆ ಅಂತ ಜನ ಚಿಂತೆ ಮಾಡುತ್ತಾರೆ, ತಮಗೆ ಪ್ರೀತಿಸಲು ಬರುತ್ತದಾ ಅಂತ ಕೇಳಿಕೊಳ್ಳುವುದು ಕಡಿಮೆ ಅನ್ನೋದು ಅವರ ಮಾತು. ಕಾಳಜಿ, ಹೊಣೆ, ಗೌರವ, ಅರಿವು ಈ ನಾಲ್ಕೂ ಸೇರಿದರೇ ಪ್ರೀತಿ ಅಂತಲೂ ಹೇಳುತ್ತಾರೆ. ನಾನು ಆರಿಸಿಕೊಂಡಿದ್ದು ಅವರು ಹೇಳುವ ಏಕಾಗ್ರತೆಯನ್ನು. ಮನೆಯವರು ಮಾತಾಡುವಾಗ ಕೈಯಲ್ಲಿದ್ದ ಕೆಲಸ ನಿಲ್ಲಿಸಿ ಕೇಳುವುದು. ಕೇಳೋಕೆ ಸುಲಭ, ಅಲ್ವಾ? ಮಾಡಿ ನೋಡಿ, ಎಷ್ಟು ಕಷ್ಟ ಅಂತ ಗೊತ್ತಾಗುತ್ತದೆ.

ನಮ್ಮ ಮನೆಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಜಾನ್ ಗಾಟ್‌ಮನ್ ಅವರ ಕೆಲಸ. ಇವರು ಮನಶ್ಶಾಸ್ತ್ರಜ್ಞರು. ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಮನೆಯಂತೆಯೇ ಇರುವ ಒಂದು ಪ್ರಯೋಗಾಲಯ ಮಾಡಿ, ಅಲ್ಲಿ ಗಂಡ ಹೆಂಡತಿ ಹೇಗೆ ಸಮಯ ಕಳೆಯುತ್ತಾರೆ ಅಂತ ಗಮನಿಸಿದರು. ಜನ ಒಬ್ಬರನ್ನೊಬ್ಬರು ದಿನವಿಡೀ ಸಣ್ಣ ಸಣ್ಣ ಮಾತಲ್ಲಿ ಕರೆಯುತ್ತಲೇ ಇರುತ್ತಾರಂತೆ. "ಆ ಹಕ್ಕಿ ನೋಡು" ಅನ್ನೋದೂ ಒಂದು ಕರೆ. ಒಂದು ನಿಟ್ಟುಸಿರೂ ಕರೆಯೇ. ಅದಕ್ಕೆ ತಿರುಗಿ ನೋಡಬಹುದು, ಸುಮ್ನೆ ಇದ್ದುಬಿಡಬಹುದು, ರೇಗಬಹುದು. ಹೊಸದಾಗಿ ಮದುವೆಯಾದವರನ್ನು ನೋಡಿ, ಆರು ವರ್ಷದ ನಂತರ ಮತ್ತೆ ವಿಚಾರಿಸಿದಾಗ ವ್ಯತ್ಯಾಸ ಎದ್ದು ಕಂಡಿತು. ಜೊತೆಯಲ್ಲೇ ಉಳಿದಿದ್ದವರು ಮೊದಲ ಸಲ ನೋಡಿದಾಗ ಇಂಥ ಕರೆಗಳಲ್ಲಿ ಶೇಕಡಾ 86ಕ್ಕೆ ಓಗೊಟ್ಟಿದ್ದರು. ಬೇರೆಯಾದವರು ಶೇಕಡಾ 33ಕ್ಕೆ ಮಾತ್ರ.

ಇದನ್ನು ಓದಿದ ಮೇಲೆ ನಾನು ಮನೆಯಲ್ಲಿ ಕರೆಗಳನ್ನು ಹುಡುಕತೊಡಗಿದೆ. ನಮ್ಮ ಮನೆಯವರು ಪೇಪರ್ ಓದುತ್ತಾ ಒಂದು ಸುದ್ದಿಯನ್ನು ಗಟ್ಟಿಯಾಗಿ ಓದುತ್ತಾರೆ. ನನಗೆ ಆ ಸುದ್ದಿಯಲ್ಲಿ ಆಸಕ್ತಿ ಇರಲಿ ಬಿಡಲಿ, ಓದುವುದು ನನಗೋಸ್ಕರ. ನಮ್ಮತ್ತೆ "ಇವತ್ತು ಯಾಕೋ ಮೊಣಕಾಲು ನೋವು" ಅಂದಾಗ ಅವರಿಗೆ ಬೇಕಾಗಿರೋದು ಔಷಧಿಯ ಹೆಸರಲ್ಲ. ಪಕ್ಕದಲ್ಲಿ ಕೂತು "ರಾತ್ರಿ ನಿದ್ದೆ ಬಂತಾ ಅತ್ತೆ?" ಅಂತ ಕೇಳಿದರೆ ಮಾತು ಎಲ್ಲೆಲ್ಲಿಗೋ ಹೋಗುತ್ತದೆ, ಅವರ ಬಾಲ್ಯಕ್ಕೂ ಹೋಗುತ್ತದೆ. ಮಗನ ಕರೆ ಇನ್ನೂ ಬೇರೆ ಥರ. ಬಾಗಿಲಲ್ಲಿ ನಿಂತು ಏನೂ ಹೇಳದೆ ಮೊಬೈಲ್ ಒತ್ತುತ್ತಿರುತ್ತಾನೆ. ಹೋಗಲಿ ಅಂದರೆ ಹೋಗಿಬಿಡುತ್ತಾನೆ. "ಬಾ, ಕೂತ್ಕೋ" ಅಂದರೆ ಸ್ವಲ್ಪ ಹೊತ್ತಿಗೆ ವಿಷಯ ಹೊರಗೆ ಬರುತ್ತದೆ. ಇಷ್ಟು ಸಣ್ಣ ಅಭ್ಯಾಸ ಒಂದು ಮನೆಯ ಗಾಳಿಯನ್ನೇ ಬದಲಾಯಿಸಬಲ್ಲದು ಅಂತ ನಾನು ಮನಸ್ಸಿನಿಂದ ನಂಬುತ್ತೇನೆ.

ಗಾಟ್‌ಮನ್ ಅವರು ನ್ಯಾನ್ ಸಿಲ್ವರ್ ಜೊತೆ 1999ರಲ್ಲಿ ಬರೆದ 'ದಿ ಸೆವೆನ್ ಪ್ರಿನ್ಸಿಪಲ್ಸ್ ಫಾರ್ ಮೇಕಿಂಗ್ ಮ್ಯಾರೇಜ್ ವರ್ಕ್' ಪುಸ್ತಕದಲ್ಲಿ ಇನ್ನೊಂದು ಅಂಕಿ ಇದೆ. ದಂಪತಿಗಳ ಜಗಳಗಳಲ್ಲಿ ಶೇಕಡಾ 69ರಷ್ಟು ಯಾವತ್ತೂ ಪೂರ್ತಿ ಬಗೆಹರಿಯುವುದಿಲ್ಲವಂತೆ. ಇಬ್ಬರ ಸ್ವಭಾವ ಬೇರೆ ಇರುವುದರಿಂದ ಅದೇ ಜಗಳ ಮತ್ತೆ ಮತ್ತೆ ಬರುತ್ತದೆ. ನನಗಂತೂ ಇದು ದೊಡ್ಡ ಸಮಾಧಾನ ಕೊಟ್ಟಿತು. ದುಡ್ಡು ಖರ್ಚು ಮಾಡುವ ವಿಷಯದಲ್ಲಿ ನಾನೊಂದು ಕಡೆ, ಇವರೊಂದು ಕಡೆ. ಈಗ ಗೆಲ್ಲುವ ಆಸೆ ಬಿಟ್ಟು, ಮಾತು ಶುರುಮಾಡುವ ರೀತಿಯ ಮೇಲೆ ಗಮನ ಇಡುತ್ತೇನೆ. "ನೀವು ಯಾವಾಗಲೂ ಹೀಗೇ" ಅಂತ ಶುರು ಮಾಡುವುದಿಲ್ಲ. "ಈ ತಿಂಗಳ ಖರ್ಚು ನೋಡಿ ನನಗೆ ಭಯ ಆಗ್ತಿದೆ, ಒಂದ್ಸಲ ಕೂತು ನೋಡೋಣವಾ?" ಅನ್ನುತ್ತೇನೆ. ದನಿ ಏರಿದರೆ ಕನಿಷ್ಠ 20 ನಿಮಿಷ ಬಿಡುವು. ಎದೆ ಜೋರಾಗಿ ಬಡಿದುಕೊಳ್ಳುವಾಗ ಕಿವಿಗೆ ಏನೂ ಇಳಿಯುವುದಿಲ್ಲ, ದೇಹ ಶಾಂತವಾಗಲು ಅಷ್ಟಾದರೂ ಹೊತ್ತು ಬೇಕು. ಆದರೆ ಎದ್ದು ಹೋಗುವ ಮುಂಚೆ "ಆಮೇಲೆ ಮಾತಾಡೋಣ" ಅಂತ ಹೇಳಿಯೇ ಹೋಗಬೇಕು. ಇಲ್ಲದಿದ್ದರೆ ಅದು ಮುನಿಸು ಅನ್ನಿಸುತ್ತದೆ.

ಗ್ಯಾರಿ ಚಾಪ್‌ಮನ್ ಅವರು 1992ರಲ್ಲಿ ಬರೆದ 'ದಿ ಫೈವ್ ಲವ್ ಲ್ಯಾಂಗ್ವೇಜಸ್' ತುಂಬ ಜನ ಓದಿರುವ ಪುಸ್ತಕ. ಮೆಚ್ಚುಗೆಯ ಮಾತು, ಜೊತೆಗೆ ಕಳೆಯುವ ಸಮಯ, ಉಡುಗೊರೆ, ಮಾಡಿಕೊಡುವ ಕೆಲಸ, ಸ್ಪರ್ಶ. ಪ್ರತಿಯೊಬ್ಬರಿಗೂ ಇವುಗಳಲ್ಲಿ ಒಂದು ಮುಖ್ಯ ಅನ್ನುತ್ತದೆ ಪುಸ್ತಕ. ಸಂಶೋಧಕರು ಇದನ್ನು ಪ್ರಶ್ನಿಸಿದ್ದಾರೆ, ನನಗೂ ಅವರ ಮಾತೇ ಸರಿ ಅನಿಸುತ್ತದೆ. ಯಾರಿಗಾದರೂ ಐದೂ ಬೇಕು. ಆದರೂ ಒಂದು ಪ್ರಶ್ನೆ ಕೇಳಲು ಈ ಪುಸ್ತಕ ಒಳ್ಳೆಯ ನೆಪ. "ನಾನು ಏನು ಮಾಡಿದಾಗ ನಿಮಗೆ ಖುಷಿ ಆಗುತ್ತದೆ?" ಅಂತ ಮನೆಯಲ್ಲಿ ಒಬ್ಬೊಬ್ಬರನ್ನೂ ಕೇಳಿದೆ. ನಮ್ಮತ್ತೆ ಬಾಯಿಬಿಟ್ಟು ಹೊಗಳುವವರಲ್ಲ. ನನ್ನ ಬಟ್ಟೆಯನ್ನೂ ಸೇರಿಸಿ ಮಡಚಿ ಇಡುತ್ತಾರೆ. "ಮಡಚಿದ್ದನ್ನು ನೀನು ನೋಡಿ ಹೇಳಿದರೆ ಸಾಕು" ಅಂದರು. ಅವತ್ತಿನಿಂದ ಹೇಳುತ್ತೇನೆ.

ಸೂ ಜಾನ್ಸನ್ ಅವರ 'ಹೋಲ್ಡ್ ಮಿ ಟೈಟ್' 2008ರದ್ದು. ಒಬ್ಬರು ಬೆನ್ನು ಹತ್ತಿ ಕೇಳುತ್ತಾ ಹೋದಷ್ಟೂ ಇನ್ನೊಬ್ಬರು ಒಳಗೆ ಮುದುಡುತ್ತಾರೆ ಅನ್ನೋದನ್ನು ಚೆನ್ನಾಗಿ ವಿವರಿಸುತ್ತಾರೆ. ಈ ಸುತ್ತನ್ನೇ ಇಬ್ಬರೂ ಸೇರಿ ಗುರುತಿಸಬೇಕು. ಈಗ ನಮ್ಮಿಬ್ಬರಲ್ಲಿ ಯಾರಾದರೂ ಒಬ್ಬರು "ಶುರುವಾಯ್ತು ನೋಡು" ಅಂದರೆ ಸಾಕು, ಜಗಳದ ಬಿಸಿ ಇಳಿಯುತ್ತದೆ.

ಒಂದು ಮಾತು ಗಟ್ಟಿಯಾಗಿ ಹೇಳಲೇಬೇಕು. ಹೊಡೆತ, ಬೆದರಿಕೆ, ಭಯ ಇರುವ ಮನೆಗೆ ಈ ಅಭ್ಯಾಸಗಳನ್ನು ನಾನು ಹೇಳುವುದಿಲ್ಲ. ಹಿಂಸೆ ಇರುವಲ್ಲಿ ಪ್ರೀತಿ ಇರಲು ಸಾಧ್ಯವಿಲ್ಲ ಅಂತ ಬೆಲ್ ಹುಕ್ಸ್ 'ಆಲ್ ಅಬೌಟ್ ಲವ್' ಪುಸ್ತಕದಲ್ಲಿ ನೇರವಾಗಿ ಬರೆದಿದ್ದಾರೆ. ಅಲ್ಲಿ ಮೊದಲು ಬೇಕಾದದ್ದು ಸುರಕ್ಷತೆ, ನಂಬುವ ಜನರ ಸಹಾಯ.

ಈಗ ಓದುತ್ತಿರುವುದು ಅಡೆಲ್ ಫೇಬರ್ ಮತ್ತು ಇಲೇನ್ ಮಜ್ಲಿಶ್ 1980ರಲ್ಲಿ ಬರೆದ, ಮಕ್ಕಳ ಜೊತೆ ಮಾತಾಡುವ ಬಗೆಗಿನ ಪುಸ್ತಕ. ಚಿತ್ರಗಳಿವೆ, ಬೇಗ ಓದಿಸಿಕೊಂಡು ಹೋಗುತ್ತದೆ. ಉದ್ದ ಭಾಷಣದ ಬದಲು ಒಂದೇ ಪದ ಹೇಳಿ ಅನ್ನುತ್ತಾರೆ. "ಬ್ಯಾಗ್" ಅಂದೆ, ಮಗ ದಾರಿಯಲ್ಲಿದ್ದ ಬ್ಯಾಗ್ ಎತ್ತಿಟ್ಟ. ಇನ್ನೊಂದು ದಿನ "ಬೇಜಾರಾಗಿದೆ ಅನ್ಸುತ್ತೆ" ಅಂದಾಗ, "ಅಮ್ಮಾ, ಇದೂ ಪುಸ್ತಕದ್ದಾ?" ಅಂತ ಕೇಳಿದ. ಹೌದು ಅಂದೆ, ಪುಟ ತೋರಿಸಿದೆ. ಅವನೂ ಓದಿದ. ಓದಿ ಒಂದು ಷರತ್ತು ಹಾಕಿದ್ದಾನೆ. ಅವನಿಗೆ ಏನನ್ನಿಸುತ್ತಿದೆ ಅಂತ ನಾನು ಊಹಿಸಿ ಹೇಳಬಾರದು, ಕೇಳಬೇಕು. ಒಪ್ಪಿದ್ದೇನೆ. ಸದ್ಯಕ್ಕೆ ಅಭ್ಯಾಸ ಮಾಡುತ್ತಿರುವುದು ಅದನ್ನೇ.