ಒಡೆದ ಹಿಮ್ಮಡಿಗೆ ಮುರುಗಲು ತುಪ್ಪದ ಮುಲಾಮು: ನನ್ನ ಅನುಭವ

ಕಾಫಿ ಕೊಯ್ಲಿನ ಡಿಸೆಂಬರ್, ಜನವರಿ ತಿಂಗಳುಗಳ ಒಣ ಚಳಿಗೆ ಮಡಿಕೇರಿ ಸಮೀಪದ ನಮ್ಮ ತೋಟದಲ್ಲಿ ದುಡಿಯುವ ಹೆಂಗಸರ ಹಿಮ್ಮಡಿಗಳು ಬಿರಿದು ರಕ್ತ ಜಿನುಗುತ್ತಿದ್ದುದನ್ನು ಕಂಡು, ಮನೆಯಲ್ಲಿಯೇ ಮುಲಾಮು ಮಾಡಬೇಕೆಂಬ ಆಸೆ ನನಗೆ ಹುಟ್ಟಿತು.

ಕೊಯ್ಲಿಗೆ ಮುಂಚೆಯೇ ಸಿದ್ಧವಿರಲೆಂದು ಕಕ್ಕಡದ, ಅಂದರೆ ಜುಲೈ-ಆಗಸ್ಟ್ ನಡುವಿನ ಕೊಡಗಿನ ತಿಂಗಳ, ಮಳೆಯಲ್ಲಿ ಆರಂಭಿಸಿದ್ದು ಮೊದಲ ತಪ್ಪು. ಅಂಗಳದ ಲೋಳೆಸರವನ್ನು ಕೊಯ್ದು, ರುಬ್ಬಿ, ಕೊಬ್ಬರಿ ಎಣ್ಣೆಗೆ ಬೆರೆಸಿ ಡಬ್ಬಿಗೆ ತುಂಬಿದೆ; ನಾಲ್ಕನೆಯ ದಿನ ಮುಚ್ಚಳ ತೆಗೆದಾಗ ಮೇಲೆಲ್ಲ ಬೂದುಬಣ್ಣದ ಬೂಷ್ಟು ಹಬ್ಬಿತ್ತು. ಅಷ್ಟರಲ್ಲಿ ಅದನ್ನು ಹಚ್ಚಿಕೊಂಡಿದ್ದ ನನ್ನ ನಾದಿನಿ, "ಅತ್ತಿಗೆ, ಕೈಯೆಲ್ಲ ತುರಿಸುತ್ತಿದೆ" ಎಂದು ಕೆಂಪಾದ ಮುಂಗೈಯನ್ನು ತೋರಿಸಿದಳು. ಲೋಳೆಸರದ ಸಿಪ್ಪೆಯಡಿಯ ಹಳದಿ ರಸ ಚರ್ಮವನ್ನು ಕೆರಳಿಸಬಲ್ಲದು. ಕೊಯ್ದ ಎಲೆಯನ್ನು ನೆಟ್ಟಗೆ ನಿಲ್ಲಿಸಿ ಅದನ್ನು ಸೋರಿಸಿ, ತೊಳೆದು, ಒಳಗಿನ ತಿಳಿ ಲೋಳೆಯನ್ನಷ್ಟೇ ಬಳಸಬೇಕಿತ್ತು. ಗಿಡದಿಂದ ಬಂದದ್ದೆಲ್ಲ ಚರ್ಮಕ್ಕೆ ಹಿತವೆಂಬ ನನ್ನ ನಂಬಿಕೆ ಅಂದೇ ಹೋಯಿತು.

ನೀರಿನಂಶ ಇರುವಲ್ಲಿ ಬೂಷ್ಟು ಬೆಳೆಯುತ್ತದೆ ಎಂದು ತಿಳಿದ ಮೇಲೆ ನೀರಿಲ್ಲದ ಮುಲಾಮಿನತ್ತ ತಿರುಗಿದೆ. ಮುರುಗಲು, ಅಂದರೆ ಪುನರ್ಪುಳಿಯ ಬೀಜದ ತುಪ್ಪವನ್ನು ಒಡೆದ ಹಿಮ್ಮಡಿಗೆ ಹಚ್ಚುವುದು ಮಲೆನಾಡಿನ ಹಳೆಯ ರೂಢಿ. ಅದು ಸುಮಾರು 40 ಡಿಗ್ರಿಯಲ್ಲಿ ಕರಗುವುದರಿಂದ ಒಂದನ್ನೇ ಹಚ್ಚಿದರೆ ಮೇಣದ ತುಂಡಿನಂತೆ ಉಜ್ಜಬೇಕಾಗುತ್ತದೆ. ಆದ್ದರಿಂದ 60 ಗ್ರಾಂ ಕೊಬ್ಬರಿ ಎಣ್ಣೆ, 25 ಗ್ರಾಂ ಮುರುಗಲು ತುಪ್ಪ, 15 ಗ್ರಾಂ ಜೇನುಮೇಣವನ್ನು ಬಿಸಿನೀರಿನಲ್ಲಿಟ್ಟ ಪಾತ್ರೆಯಲ್ಲಿ ಕರಗಿಸಿದೆ. ಎಣ್ಣೆಗೆ ಮೊದಲೇ ಕಸ್ತೂರಿ ಅರಿಶಿನದ ಬಿಲ್ಲೆಗಳನ್ನು ಹಾಕಿ ನೆನೆಸಿದ್ದೆ. ಮುರಿದರೆ ಚಟ್ಟನೆ ಸದ್ದಾಗುವಷ್ಟು ಅವು ಒಣಗಿರಬೇಕು.

ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ತಾನಾಗಿಯೇ ಗಟ್ಟಿಯಾಗುವುದರಿಂದ ನಮ್ಮ ಚಳಿಗಾಲಕ್ಕೆ ಆ ಅಳತೆ ಹೊಂದಲಿಲ್ಲ. ಮೇಣವನ್ನು 8 ಗ್ರಾಮಿಗೆ ಇಳಿಸಿದ ಮೇಲೆ ಬೆರಳಿಗೆ ಸುಲಭವಾಗಿ ಬರತೊಡಗಿತು.

ರಾತ್ರಿ ಕಾಲನ್ನು ಬೆಚ್ಚಗಿನ ನೀರಿನಲ್ಲಿ ತೊಳೆದು, ಒರೆಸಿ, ಪಸೆ ಆರುವ ಮೊದಲೇ ಹಚ್ಚಬೇಕು. ಡಬ್ಬಿಗೆ ಒದ್ದೆ ಬೆರಳು ತಾಗಿಸಬಾರದು. ಹೊಸದಾಗಿ ಬಳಸುವವರಿಗೆ ಮೊಣಕೈಯ ಒಳಬದಿಗೆ ಸವರಿ ಒಂದು ದಿನ ಕಾಯಲು ಹೇಳುತ್ತೇನೆ. ಬಿರುಕು ಆಳವಾಗಿ ಕೀವು ಕಟ್ಟಿದ್ದರೆ ಮುಲಾಮು ಕೊಡದೆ ಆಸ್ಪತ್ರೆಗೆ ಕಳುಹಿಸುತ್ತೇನೆ.