ಐದು ಎಕರೆ ರೋಬಸ್ಟಾ ಕಾಫಿ, 12 ಪೆಟ್ಟಿಗೆ ಜೇನು, ಒಂದು ಕೆರೆ: ನನ್ನ ಅನುಭವ

"ರೋಬಸ್ಟಾಕ್ಕೆ ಜೇನು ಯಾಕೆ, ಗಾಳಿಗೇ ಕಾಯಿ ಕಚ್ಚುತ್ತಲ್ಲ" ಅಂದವರೆಲ್ಲ ಈ ಸಲ ಕಣಕ್ಕೆ ಬಂದು ನೋಡಿ ಹೋಗಿದ್ದಾರೆ. ಮೊದಲು ಎಕರೆಗೆ 17-18 ಮೂಟೆ ಚೆರ್ರಿ (ಒಣಗಿಸಿದ ಕಾಫಿ ಹಣ್ಣು) ಬರುತ್ತಿದ್ದ ಜಾಗದಲ್ಲಿ ಮೂರು ವರ್ಷದಿಂದ ಸರಾಸರಿ 23ರ ಮೇಲಿದೆ. ಅದಷ್ಟೂ ಜೇನಿನದೇ ಅಂದರೆ ಸುಳ್ಳಾಗುತ್ತದೆ. ಪೆಟ್ಟಿಗೆ ಮಾತ್ರ ಇಟ್ಟ ಎರಡು ವರ್ಷ ಒಂದು ಮೂಟೆಯೂ ಹೆಚ್ಚಲಿಲ್ಲ. ಅದಕ್ಕೂ ಮುಂಚೆ ಜೆಟ್ (ತುಂತುರು ನೀರಾವರಿ) ಮಾತ್ರ ಓಡಿಸಿದ ವರ್ಷ ಸಿಕ್ಕಿದ್ದು ಡೀಸೆಲ್ ಖರ್ಚಿಗೆ ಸರಿಹೋಯಿತು. ಜೆಟ್ಟಿನ ತಾರೀಖು, ಜೇನಿನ ಮರಿಯ ತಾರೀಖು, ಕೆರೆಯ ಒರತೆ, ಮರಗಸಿ (ನೆರಳುಮರ ಸವರುವುದು), ಕರಿಮೆಣಸಿನ ಔಷಧಿ ಇವನ್ನು ಒಂದೇ ಕ್ಯಾಲೆಂಡರಿಗೆ ತಂದ ಮೇಲೆ ಲೆಕ್ಕ ಬದಲಾಯಿತು.

ಮೊದಲು ನೀರು. ಎಕರೆಗೆ ಒಂದು ಇಂಚು ಅಂದರೆ ಒಂದು ಲಕ್ಷ ಲೀಟರಿಗೆ ಸ್ವಲ್ಪ ಮೇಲೆ. ಹೂವು ಅರಳಿಸಲು ಒಂದೂವರೆ ಇಂಚು, ಬ್ಯಾಕಿಂಗಿಗೆ (ಹೂವಾದ ಮೇಲೆ ಕೊಡುವ ಎರಡನೇ ನೀರಿಗೆ) ಒಂದು ಇಂಚು ಹಿಡಿದರೆ ಐದು ಎಕರೆಗೆ 13 ಲಕ್ಷ ಲೀಟರ್ ಹತ್ತಿರ ಬೇಕು. ನನ್ನ ಕೆರೆ ಹಿಡಿಯುವುದು ಮೂರೂವರೆ ಲಕ್ಷ. ಫೆಬ್ರವರಿಯಲ್ಲಿ ಒರತೆ ದಿನಕ್ಕೆ ಸುಮಾರು 60 ಸಾವಿರ ಲೀಟರ್ ಕೊಡುತ್ತದೆ. ಕೆರೆ ದೊಡ್ಡದು ಮಾಡಿಸಲು ಹಿಟಾಚಿಯವನನ್ನು ಕೇಳಿದೆ, ಎರಡು ಲಕ್ಷದ ಮೇಲೆ ಹೇಳಿದ. ಅದನ್ನು ಬಿಟ್ಟು ತೋಟವನ್ನೇ ಮೂರು ಬ್ಲಾಕ್ ಮಾಡಿದೆ: ಎರಡು ಎಕರೆ, ಒಂದೂವರೆ, ಒಂದೂವರೆ. ಒಂದು ಬ್ಲಾಕಿಗೆ ನೀರು ಕೊಟ್ಟು ಐದು ದಿನ ಬಿಟ್ಟರೆ ಕೆರೆ ಮತ್ತೆ ತುಂಬಿರುತ್ತದೆ. ಎರಡು ಎಕರೆಗೆ ಎಂಜಿನ್ 15-16 ಗಂಟೆ ಓಡಬೇಕು. ಒಟ್ಟು ಡೀಸೆಲ್ 11-12 ಸಾವಿರ ರೂಪಾಯಿ.

ನೀರಿನ ಬಡತನಕ್ಕೆ ಮಾಡಿದ ಈ ಏರ್ಪಾಡೇ ಜೇನಿಗೆ ದಾರಿ ಮಾಡಿಕೊಟ್ಟಿತು. ರೋಬಸ್ಟಾ ಹೂವು ಎರಡು ದಿನ, ಹೆಚ್ಚೆಂದರೆ ಮೂರು ದಿನ. ಐದೂ ಎಕರೆ ಒಂದೇ ಬೆಳಿಗ್ಗೆ ಬೆಳ್ಳಗಾದರೆ 12 ಪೆಟ್ಟಿಗೆಯ ನೊಣ ಎಲ್ಲಿಗೆ ಸಾಲುತ್ತದೆ? ಐದೈದು ದಿನ ಅಂತರದಲ್ಲಿ ಅರಳಿದರೆ ಅದೇ ನೊಣ ಮೂರು ಸಲ ಕೆಲಸ ಮಾಡುತ್ತದೆ. ಎಕರೆಗೆ ಏಳೆಂಟು ಪೆಟ್ಟಿಗೆ ಇಟ್ಟ ಹಾಗಾಯಿತು, ದುಡ್ಡು ಕೊಟ್ಟದ್ದು 12ಕ್ಕೆ ಮಾತ್ರ.

ಇದರಲ್ಲಿ ಎರಡು ಸಲ ಕೈಸುಟ್ಟುಕೊಂಡೆ. ಮೊದಲ ವರ್ಷ ಒಂದೊಂದು ಎಕರೆಯ ಐದು ಬ್ಲಾಕ್ ಮಾಡಿದ್ದೆ. ಪಕ್ಕದ ಜೆಟ್ಟಿನ ಎರಚಲು ಅಂಚಿನ ಸಾಲುಗಳಿಗೆ ಅರ್ಧ ಇಂಚಿಗಿಂತ ಕಡಿಮೆ ಬಿತ್ತು. ಅಷ್ಟು ನೀರಿಗೆ ಮೊಗ್ಗು ಎದ್ದೇಳುತ್ತದೆ, ಅರಳಲು ತ್ರಾಣ ಇರುವುದಿಲ್ಲ. ನಸುಗೆಂಪಾಗಿ, ನಕ್ಷತ್ರದಂತೆ ಅರೆಬಿರಿದು ಅಲ್ಲೇ ಒಣಗುತ್ತದೆ. ಬೆರಳಲ್ಲಿ ಉಜ್ಜಿದರೆ ನಶ್ಯದ ಹಾಗೆ ಪುಡಿಯಾಗುತ್ತಿತ್ತು. ಅಂಚು ಅಂಚಿನಲ್ಲೇ ಏಳೆಂಟು ಮೂಟೆ ಹೋಯಿತು. ಈಗ ಬ್ಲಾಕಿನ ಗಡಿ ಅಂದರೆ ಜೀಪ್ ದಾರಿ ಅಥವಾ ತೋಡು. ಗಡಿಯ ಜೆಟ್ಟುಗಳನ್ನು ಅರ್ಧ ಸುತ್ತು ತಿರುಗುವ ಹಾಗೆ ಕಟ್ಟುತ್ತೇನೆ. ಬ್ಲಾಕ್ ತೀರಾ ಸಣ್ಣದಾದರೆ ಇನ್ನೊಂದು ನಷ್ಟ ಇದೆ. ರೋಬಸ್ಟಾದಲ್ಲಿ ಒಂದು ಗಿಡದ ಪರಾಗ ಅದೇ ಗಿಡಕ್ಕೆ ನಾಟುವುದಿಲ್ಲ, ಸುತ್ತ ಸಾಕಷ್ಟು ಬೇರೆ ಗಿಡ ಅದೇ ದಿನ ಅರಳಿರಬೇಕು. ನನ್ನದರಲ್ಲಿ ಎಸ್. 274 ತಳಿಯ ನಡುವೆ ಹಳೆಯ ಪೆರಡೇನಿಯ ತಳಿಯನ್ನೂ ಉಳಿಸಿಕೊಂಡಿದ್ದೇನೆ. ಕಿತ್ತು ಹಾಕು ಅಂದವರು ಬಹಳ ಜನ.

ಎರಡನೆಯದು ಪೆಟ್ಟಿಗೆ ಹೊರುವ ಹುಚ್ಚು. ಹೂವಾದ ಬ್ಲಾಕಿಗೆ ರಾತ್ರಿ ಪೆಟ್ಟಿಗೆ ಸಾಗಿಸಿದೆ. ಬೆಳಿಗ್ಗೆ ಹೊರಟ ನೊಣ ಸಂಜೆ ಹಳೆಯ ಜಾಗಕ್ಕೇ ಹೋಗಿ ಬರೀ ಸ್ಟ್ಯಾಂಡಿನ ಮೇಲೆ ಗುಂಪು ಕಟ್ಟಿಕೊಂಡು ಸತ್ತಿತು. ಇನ್ನೂರು ಮುನ್ನೂರು ಮೀಟರಿನ ಸಾಗಾಟ ತುಡುವೆಗೆ (ಪೆಟ್ಟಿಗೆಯಲ್ಲಿ ಸಾಕುವ ಜೇನಿಗೆ) ಆಗುವುದೇ ಇಲ್ಲ. ಆರು ಕುಟುಂಬ ಹೋಯಿತು, ಒಂದೊಂದಕ್ಕೆ ಪೆಟ್ಟಿಗೆ ಸಮೇತ ನಾಲ್ಕೂವರೆ ಸಾವಿರ ಕೊಟ್ಟಿದ್ದೆ. ಈಗ ಮೂರೂ ಬ್ಲಾಕ್ ಸೇರುವ ಮೂಲೆಯಲ್ಲಿ, ಹಲಸಿನ ಮರಗಳ ಕೆಳಗೆ ಎಲ್ಲವೂ ಕಾಯಂ. ಬಾಗಿಲು ಪೂರ್ವಕ್ಕೆ, ಪೆಟ್ಟಿಗೆ ಮುಂದಕ್ಕೆ ಚೂರು ವಾಲಿಸಿ, ಸ್ಟ್ಯಾಂಡಿನ ಕಾಲಿಗೆ ನೀರಿನ ಬಟ್ಟಲು. ಹಲಸು ಎಳೆಯದಿರುವಾಗಲೇ ಇಳಿಸಿಬಿಡಿ. ಹಣ್ಣಿನ ವಾಸನೆಗೆ ಬಂದ ಆನೆಗೆ ಜೇನುಪೆಟ್ಟಿಗೆಯೂ ಒಂದೇ, ಫುಟ್‌ಬಾಲೂ ಒಂದೇ.

ಇನ್ನು ನಿಜವಾದ ಕೀಲು. ಹೂವಿನ ದಿನ ಪೆಟ್ಟಿಗೆಯಲ್ಲಿ ನೊಣ ಇದ್ದರೆ ಸಾಲದು, ಹೊರಗೆ ದುಡಿಯುವ ವಯಸ್ಸಿನ ನೊಣ ಇರಬೇಕು. ಮೊಟ್ಟೆಯಿಂದ ನೊಣವಾಗಲು ಮೂರು ವಾರ, ಆಮೇಲೆ ಎರಡು ಮೂರು ವಾರ ಅದು ಒಳಗಿನ ಕೆಲಸದಲ್ಲೇ ಇರುತ್ತದೆ. ಅಂದರೆ ಹೂವಿಗೆ 40 ದಿನ ಮೊದಲು ರಾಣಿ ಜೋರಾಗಿ ಮೊಟ್ಟೆ ಇಡಬೇಕು. ಹೂಮಳೆಯನ್ನೇ (ಹೂ ಅರಳಿಸುವ ಮಳೆ) ನಂಬಿದವನಿಗೆ ಈ ಲೆಕ್ಕ ಸಾಧ್ಯವೇ ಇಲ್ಲ. ಜೆಟ್ ಇದ್ದವನಿಗೆ ಹೂವಿನ ದಿನ ಗೊತ್ತು: ನೀರು ಕೊಟ್ಟ ಎಂಟನೇ ದಿನ. ಹಾಗಾಗಿ ಜೆಟ್ಟಿಗೆ 32 ದಿನ ಮೊದಲು ಸಕ್ಕರೆ ಪಾನಕ ಶುರು. ಕಿಲೋ ಸಕ್ಕರೆಗೆ ಲೀಟರ್ ನೀರು, ದಿನ ಬಿಟ್ಟು ದಿನ ಪೆಟ್ಟಿಗೆಗೆ 200 ಮಿಲಿ, ಕತ್ತಲಾದ ಮೇಲೆ. ಹಗಲು ಕೊಟ್ಟರೆ ಒಂದು ಪೆಟ್ಟಿಗೆಯದು ಇನ್ನೊಂದನ್ನು ದೋಚುತ್ತದೆ. ಪಾನಕಕ್ಕೆ ಇನ್ನೊಂದು ಸಾಮಾನು ಹಾಕುತ್ತೇನೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಬರೀ ಸಕ್ಕರೆಯಲ್ಲೂ ಮುಕ್ಕಾಲು ಪಾಲು ಫಲ ಸಿಗುತ್ತದೆ.

ಮಳೆಗಾಲದಲ್ಲಿ ವಾರಕ್ಕೆ 250 ಮಿಲಿ ಕೊಡದಿದ್ದರೆ ಕಕ್ಕಡ (ಜುಲೈ-ಆಗಸ್ಟಿನ ಜಡಿಮಳೆ ತಿಂಗಳು) ಮುಗಿಯುವುದರೊಳಗೆ ಕುಟುಂಬ ಹಾರಿಹೋಗಿರುತ್ತದೆ. ಕೈಲ್ ಮುಹೂರ್ತ (ಸೆಪ್ಟೆಂಬರ್ ಮೊದಲಿನ ಕೊಡಗಿನ ಹಬ್ಬ) ಕಳೆದು ಬಿಸಿಲು ಬಂದಾಗ ತೆರೆದು ಕಪ್ಪಾದ ಹಳೆಯ ಎರಿ (ಮೇಣದ ಹಲ್ಲೆ) ತೆಗೆದುಹಾಕಿ, ಇಲ್ಲವಾದರೆ ಮೇಣದ ಹುಳು. ವರ್ಷಕ್ಕೆ 55 ಕಿಲೋ ಸಕ್ಕರೆ ಸಾಕು. ಜೇನುತುಪ್ಪ ಪೆಟ್ಟಿಗೆಗೆ ಐದಾರು ಕಿಲೋ, ಅದು ಲಾಭದ ಮೇಲಿನ ಲಾಭ. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ಮರಿ ಸಾಯಿಸುವ ವೈರಸ್ ರೋಗ ಬಂದು ಊರೂರಿನ ಪೆಟ್ಟಿಗೆ ಖಾಲಿಯಾದದ್ದನ್ನು ಕಂಡ ಹಿರಿಯರು ಈಗಲೂ ಜೇನು ಅಂದರೆ ಹಿಂಜರಿಯುತ್ತಾರೆ. ಅವರ ಭಯ ಸುಳ್ಳಲ್ಲ. ಮರಿ ಚೀಲದಂತೆ ಊದಿ ಸತ್ತದ್ದು ಕಂಡರೆ ಆ ಪೆಟ್ಟಿಗೆಯ ಎರಿಯನ್ನು ಇನ್ನೊಂದಕ್ಕೆ ಹಾಕಲೇಬೇಡಿ.

ಗಾಳಿಯವರ ವಾದಕ್ಕೆ ಒಂದು ಚಿಕ್ಕ ಪರೀಕ್ಷೆ ಮಾಡಿದೆ. ಸೊಳ್ಳೆಪರದೆ ಬಟ್ಟೆಯ ಚೀಲ ಹೊಲಿಸಿ ಗಿಡದ 20 ರೆಕ್ಕೆಗೆ (ಅಡ್ಡ ಕೊಂಬೆಗೆ) ಕಟ್ಟಿದೆ. ಗಾಳಿ ಒಳಗೆ ಹೋಗುತ್ತದೆ, ನೊಣ ಹೋಗುವುದಿಲ್ಲ. ಚೀಲದೊಳಗೆ ನೂರು ಹೂವಿಗೆ 45-50 ಕಾಯಿ, ಹೊರಗೆ 65-70. ಗಾಳಿ ಮೂರರಲ್ಲಿ ಎರಡು ಪಾಲು ಕೆಲಸ ಮಾಡುತ್ತದೆ, ನಿಜ. ದಟ್ಟ ನೆರಳಿನ ಜಾಗದಲ್ಲಿ ಅಷ್ಟೂ ಮಾಡಲಿಲ್ಲ.

ನೆರಳಿನ ವಿಷಯಕ್ಕೆ ಬಂದರೆ, ಎಲ್ಲರೂ ಹಾಲುವಾಣ ಕಡಿದು ಸಿಲ್ವರ್ ಓಕ್ ನೆಡುತ್ತಿರುವುದು ನನಗೆ ಒಪ್ಪಿಗೆಯಿಲ್ಲ. ಹಾಲುವಾಣ ಬೇಸಿಗೆಯ ಬಾಯಲ್ಲಿ ಎಲೆ ಉದುರಿಸಿ ಮೊಗ್ಗಿಗೆ ಬೆಳಕು ಬಿಡುತ್ತದೆ, ದರಗು ಬೇಗ ಕೊಳೆಯುತ್ತದೆ. ಓಕಿನ ಎಲೆ ಎರಡು ವರ್ಷವಾದರೂ ಹಾಗೇ ಬಿದ್ದಿರುತ್ತದೆ. ಆದರೆ ಕಾಫಿ ಹೂ ಮುಗಿದ ಮೇಲೆ ಜೇನಿಗೆ ಓಕಿನ ಹೂವೂ ನೇರಳೆಯೂ ಬೇಕು. ಹಾಗಾಗಿ ಮೂರು ಹಾಲುವಾಣಕ್ಕೆ ಒಂದು ಓಕ್ ಇಟ್ಟುಕೊಂಡಿದ್ದೇನೆ.

ಮೆಣಸಿನಲ್ಲಿ ಒಂದರ ಕೆಲಸವನ್ನು ಇನ್ನೊಂದು ಹಾಳುಮಾಡಿದ್ದೇ ದೊಡ್ಡ ಪಾಠ. ಗೊಬ್ಬರ 90 ಕಿಲೋ, ಬೇವಿನ ಹಿಂಡಿ 10 ಕಿಲೋ, ಟ್ರೈಕೊಡರ್ಮಾ (ಬೇರಿನ ರೋಗ ತಡೆಯುವ ಒಳ್ಳೆಯ ಶಿಲೀಂಧ್ರ) ಒಂದು ಕಿಲೋ ಬೆರೆಸಿ, ಎರಡು ವಾರ ತೇವದಲ್ಲಿಟ್ಟು ಬುಡಕ್ಕೆ ಹಾಕಿದೆ. ಅದೇ ವಾರ ಬೋರ್ಡೋ (ಮೈಲುತುತ್ತ-ಸುಣ್ಣದ ದ್ರಾವಣ) ಕೂಡ ಬುಡಕ್ಕೆ ಹುಯ್ಸಿದೆ. ಮೈಲುತುತ್ತ ಟ್ರೈಕೊಡರ್ಮಾವನ್ನೇ ಕೊಂದಿತು. ಎರಡಕ್ಕೂ ದುಡ್ಡು ಹೋಯಿತು, ಜುಲೈಯಲ್ಲಿ 40 ಬಳ್ಳಿ ಸೊರಗಿ ಹೋದವು. ಈಗ ಬ್ಯಾಕಿಂಗ್ ನೀರಿನ ತೇವ ಇರುವಾಗ, ಏಪ್ರಿಲ್ ಮೊದಲಲ್ಲೇ ಟ್ರೈಕೊಡರ್ಮಾ. ಮೇ ಕೊನೆಗೆ ಮರಗಸಿ ಮುಗಿಸಿ ಎಲೆಗೆ ಮಾತ್ರ ಬೋರ್ಡೋ. ಬುಡಕ್ಕೆ ಬೋರ್ಡೋ ಹಾಕುವುದು ರೋಗ ಕಂಡ ಬಳ್ಳಿಗೆ, ಅದರ ಅಕ್ಕಪಕ್ಕಕ್ಕೆ ಮಾತ್ರ. ಸುಣ್ಣ ಮತ್ತು ಯೂರಿಯಾ ನಡುವೆಯೂ ಕನಿಷ್ಠ ಮೂರು ವಾರ ಬಿಡಿ, ಇಲ್ಲವಾದರೆ ಸಾರಜನಕ ಗಾಳಿಗೆ ಹೋಗುತ್ತದೆ. ಬ್ಯಾಕಿಂಗ್ ಜೆಟ್ ರಾತ್ರಿ ಓಡಿಸುವುದೂ ಲೆಕ್ಕ ಹಾಕಿಯೇ: ಹಗಲು ಮೂರನೇ ಬ್ಲಾಕಿನ ಹೂವಿಗೆ ಹೋಗುವ ನೊಣಕ್ಕೆ ಎರಚಲಿನ ಅಡ್ಡಿ ಇರಬಾರದು.

ಹೂಮಳೆ ನಡುವೆ ನುಗ್ಗಿದರೆ ಈ ಲೆಕ್ಕ ಕೆಡುತ್ತದೆ. ಒಂದು ವರ್ಷ ಎರಡನೇ ಬ್ಲಾಕಿಗೆ ಜೆಟ್ ಜೋಡಿಸುವ ದಿನವೇ ಒಂದು ಇಂಚು ಬಿದ್ದು ಉಳಿದದ್ದೆಲ್ಲ ಒಟ್ಟಿಗೆ ಅರಳಿತು. ಆ ವರ್ಷ ಎಕರೆಗೆ 20 ಮೂಟೆ. ಕೆರೆಯಲ್ಲಿ ಉಳಿದ ನೀರಿಗೆ ಕಾಟ್ಲಾ ಮೀನಿನ ಮರಿ ಬಿಟ್ಟೆ, ಅರ್ಧ ನೀರುನಾಯಿ ತಿಂದಿತು.

ಮಿಸ್ರಿ ಜೇನನ್ನು (ಕುಟುಕದ ಸಣ್ಣ ಜೇನು) ಬಿದಿರಿನ ಅಂಡೆಯಲ್ಲಿ ಕೂರಿಸಿ ಮೂರು ಕಡೆ ನೇತು ಹಾಕಿದ್ದೇನೆ, ಒಂದು ಮಾತ್ರ ನಿಂತಿದೆ. ಈ ಸಲ ಪಾನಕ ಜನವರಿ 18ಕ್ಕೆ ಶುರು, ಮೊದಲ ಬ್ಲಾಕಿಗೆ ಜೆಟ್ ಫೆಬ್ರವರಿ 19ಕ್ಕೆ. ನೋಡಬೇಕೆನ್ನುವವರು 27ರ ಬೆಳಿಗ್ಗೆ ಎಂಟರೊಳಗೆ ಬನ್ನಿ, ಬಿಸಿಲೇರಿದ ಮೇಲೆ ನೊಣ ಕಡಿಮೆ.