ಸೊಂಟದ ಜೇಡ್ ಪದಕ: ಕಲ್ಲು, ದಾರ, ಪಟ್ಟಿ

ಪ್ರಾಚೀನ ಚೀನಾದಲ್ಲಿ ಗಂಡಸಿನ ಅಂತಸ್ತು ಎದ್ದು ಕಾಣುತ್ತಿದ್ದದ್ದು ಎರಡು ಕಡೆ. ಒಂದು, ತಲೆಯ ಜುಟ್ಟಿನ ಮೇಲೆ ಕೂರುವ ಟೋಪಿ ‘ಗ್ವಾನ್’. ಇನ್ನೊಂದು, ಸೊಂಟದಿಂದ ಇಳಿಬೀಳುವ ಜೇಡ್ ಪದಕ ‘ಯೂಪೇಯ್’. ಗ್ವಾನ್ ಕೂರಬೇಕಾದರೆ ಉದ್ದ ಕೂದಲು ಇಲ್ಲವೇ ಒಳ್ಳೆಯ ವಿಗ್ ಬೇಕು, ಅಡ್ಡಲಾಗಿ ಚುಚ್ಚುವ ಕಡ್ಡಿಗೆ ಗಟ್ಟಿ ಜುಟ್ಟೂ ಬೇಕು. ಆ ಕೆಲಸ ಬೇರೆಯವರದು. ನಾನು ವೇಷಭೂಷಣಕ್ಕೆ ಮಾಡುವುದು ಯೂಪೇಯ್. ಇದರಲ್ಲಿ ಕಲ್ಲಿಗಿಂತ ದಾರವೇ ಹೆಚ್ಚು ಸತಾಯಿಸುತ್ತದೆ.

ಮೊದಲು ಆಕಾರ. ‘ಅರ್‌ಯಾ’ ಎಂಬ ಹಳೆಯ ಚೀನೀ ನಿಘಂಟು ದುಂಡು ಜೇಡ್‌ಗಳನ್ನು ಮೂರು ಬಗೆ ಮಾಡುತ್ತದೆ. ಅಂಚಿನ ಅಗಲ ತೂತಿನ ಎರಡರಷ್ಟಿದ್ದರೆ ‘ಬೀ’, ತೂತು ಅಂಚಿನ ಎರಡರಷ್ಟಿದ್ದರೆ ‘ಯುಆನ್’, ಎರಡೂ ಸಮವಾದರೆ ‘ಹ್ವಾನ್’. ಗೋರಿಗಳಲ್ಲಿ ಸಿಕ್ಕ ಕಲ್ಲುಗಳು ಈ ಲೆಕ್ಕಕ್ಕೆ ಅಷ್ಟಾಗಿ ಕೂರುವುದಿಲ್ಲ, ಆದರೂ ಮಾಡುವವರಿಗೆ ಲೆಕ್ಕ ಅನುಕೂಲ. ನನ್ನದು ಹ್ವಾನ್: ಹೊರ ಅಳತೆ 60 ಮಿ.ಮೀ., ತೂತು 20, ಸುತ್ತಲೂ ಅಂಚು 20, ದಪ್ಪ 5 ಮಿ.ಮೀ. ಜೇಡ್ ಹೆಸರಿನ ಕಲ್ಲುಗಳಲ್ಲಿ ಎರಡು ಬಗೆ, ನೆಫ್ರೈಟ್ ಮತ್ತು ಜೇಡೈಟ್. ನಿಜವಾದ ನೆಫ್ರೈಟ್ ಆದರೆ ಇದು ಸುಮಾರು 37 ಗ್ರಾಂ ತೂಗಬೇಕು.

ಜೇಡ್ ಹೆಸರಿನಲ್ಲಿ ಮಾರುವುದು ಹಲವು ಸಲ ಸರ್ಪೆಂಟೈನ್, ಬಣ್ಣ ಹಾಕಿದ ಕ್ವಾರ್ಟ್ಸ್ ಅಥವಾ ಗಾಜು. ಚಾಕುವಿನಿಂದ ಗೀರಿ ನೋಡುವವರಿದ್ದಾರೆ. ಕ್ವಾರ್ಟ್ಸಿಗೂ ಗೀರು ಬೀಳದ ಕಾರಣ ಅದರಿಂದ ಪೂರ್ತಿ ಉತ್ತರ ಸಿಗದು. ಸಾಂದ್ರತೆ ನೋಡುವುದೇ ವಾಸಿ. ಆಭರಣ ತೂಗುವ ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆಗೆ ತನ್ನಿ. ಕಲ್ಲನ್ನು ತೆಳ್ಳನೆಯ ದಾರಕ್ಕೆ ಕಟ್ಟಿ, ತಳಕ್ಕೂ ಪಕ್ಕಕ್ಕೂ ತಗುಲದಂತೆ ಪೂರ್ತಿ ಮುಳುಗಿಸಿ ಹಿಡಿಯಿರಿ. ಕಲ್ಲಿನ ಒಣ ತೂಕವನ್ನು ಆಗ ಕಾಣುವ ಅಂಕಿಯಿಂದ ಭಾಗಿಸಿ. 2.95ರ ಆಸುಪಾಸು ಬಂದರೆ ನೆಫ್ರೈಟ್, 3.3 ಬಂದರೆ ಜೇಡೈಟ್, 2.6ರ ಹತ್ತಿರ ಬಂದರೆ ಬೇರೇನೋ. ಗುಳ್ಳೆ ಅಂಟಿಕೊಂಡಿದ್ದರೆ ಅಂಕಿ ತಪ್ಪುತ್ತದೆ. ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ. ಇನ್ನೊಂದು ಮಾತು: ಬರ್ಮಾದ ಹಸಿರು ಜೇಡೈಟ್ ಚೀನಾದಲ್ಲಿ ಬಳಕೆಗೆ ಬಂದದ್ದು 18ನೆಯ ಶತಮಾನದಿಂದೀಚೆಗೆ. ಎರಡು ಸಾವಿರ ವರ್ಷ ಹಿಂದಿನ ಹಾನ್ ರಾಜವಂಶದ ಕಾಲದ ವೇಷಕ್ಕೆ ಎಲೆಹಸಿರು ಕಲ್ಲು ತೊಡಿಸಿದರೆ, ತಿಳಿದವರ ಕಣ್ಣಿಗೆ ಅದೇ ಮೊದಲು ಬೀಳುತ್ತದೆ.

ತೂತಿನ ಒಳಅಂಚು ಹರಿತವಾಗಿದ್ದರೆ ದಾರ ಸವೆದು ತುಂಡಾಗುತ್ತದೆ. ಹತ್ತಿಯನ್ನು ಅಂಚಿನ ಸುತ್ತ ಎಳೆಯಿರಿ. ಎಳೆ ಸಿಕ್ಕಿಕೊಂಡಲ್ಲಿ ಉಜ್ಜಬೇಕು. ನೆಫ್ರೈಟಿನ ಗಡಸುತನ ಖನಿಜಗಳನ್ನು ಅಳೆಯುವ ಮೋಸ್ ಮಾನದಲ್ಲಿ (1ರಿಂದ 10) 6ರಿಂದ 6.5, ಕಬ್ಬಿಣದ ಅರ ಕೆಲಸಕ್ಕೆ ಬಾರದು. ಹಿಂದಿನವರು ಜೇಡನ್ನು ಕೆತ್ತುತ್ತಿರಲಿಲ್ಲ, ಅದಕ್ಕಿಂತ ಗಡುಸಾದ ಮರಳು ಹಾಕಿ ತೇಯುತ್ತಿದ್ದರು. ಈಗ 400, 800, 1500ರ ವಾಟರ್ ಪೇಪರ್ ಸಾಕು. ಕಲ್ಲು ಸದಾ ಒದ್ದೆ ಇರಲಿ, ಒಣದೂಳು ಶ್ವಾಸಕೋಶಕ್ಕೆ ಕೆಟ್ಟದ್ದು.

ಇನ್ನು ದಾರ. 2 ಮಿ.ಮೀ. ದಪ್ಪದ್ದು, ಹೆಣೆದದ್ದೇ ಆಗಬೇಕು. ಹುರಿ ಹೊಸೆದ ದಾರ ಭಾರಕ್ಕೆ ಬಿಚ್ಚಿಕೊಳ್ಳುತ್ತಾ ಪದಕವನ್ನು ತಿರುಗಿಸುತ್ತದೆ. ಒಂದೂವರೆ ಮೀಟರ್ ತೆಗೆದು ಮಧ್ಯಕ್ಕೆ ಮಡಿಸಿ, ಮೇಲೆ 5 ಸೆಂ.ಮೀ. ಕುಣಿಕೆ ಬಿಟ್ಟು ಗುಂಡಿಗಂಟು (ಗುಂಡಿಯಂತೆ ಉಂಡೆಯಾಗುವ ಗಂಟು) ಹಾಕಿ, ಒಂದು ಮಣಿ ಪೋಣಿಸಿ, ಮತ್ತೊಂದು ಗುಂಡಿಗಂಟು. ಗಂಟನ್ನು ಒಂದೇ ಸಲ ಜಗ್ಗಿದರೆ ಸೊಟ್ಟಗಾಗುತ್ತದೆ. ಚಿಮುಟದಲ್ಲಿ ಎಳೆ ಎಳೆಯಾಗಿ ಸಡಿಲವನ್ನು ಹೊರಕ್ಕೆ ಸಾಗಿಸಬೇಕು. ಕಲ್ಲಿಗೆ ಕಟ್ಟುವಾಗ ಹೆಚ್ಚಿನವರು ಎಡವುವುದು ಇಲ್ಲೇ: ಒಂದು ತುದಿಯನ್ನು ಮುಂದಿನಿಂದ, ಇನ್ನೊಂದನ್ನು ಹಿಂದಿನಿಂದ ತೂರಿಸುತ್ತಾರೆ. ಆಗ ಕಲ್ಲಿನ ಮುಖ ಎದುರಿಗೆ ಬಂದರೆ ಮೇಲಿನ ದಾರ, ಗಂಟು ಅಡ್ಡ ತಿರುಗುತ್ತವೆ. ಅವು ನೇರ ನಿಂತರೆ ಕಲ್ಲು ಬರೀ ಅಂಚು ತೋರಿಸುತ್ತದೆ. ಎರಡೂ ತುದಿಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಮುಂದಿನಿಂದಲೇ ತೂರಿಸಿ, ಹಿಂದಿನಿಂದ ಮೇಲೆ ತಂದು, ರೇಷ್ಮೆ ಎಳೆಯಿಂದ ಒಂದು ಸೆಂ.ಮೀ. ಬಿಗಿಯಾಗಿ ಸುತ್ತಿ ಹೊಲಿಯಿರಿ. ಪಾಲಿಯೆಸ್ಟರ್ ತುದಿಯನ್ನು ಬೆಂಕಿಗೆ ತೋರಿಸಿ ಸೀಲ್ ಮಾಡಬಹುದು, ರೇಷ್ಮೆ ಕರಗುವುದಿಲ್ಲ, ಸುಟ್ಟುಹೋಗುತ್ತದೆ.

ಬಣ್ಣಕ್ಕೆ ‘ಲೀಜೀ’ ಎಂಬ ಪ್ರಾಚೀನ ಚೀನೀ ವಿಧಿ-ಆಚಾರ ಗ್ರಂಥದ ಕ್ರಮ ಇದೆ: ಚಕ್ರವರ್ತಿಗೆ ಬಿಳಿ ಜೇಡ್, ಕಪ್ಪು ಛಾಯೆಯ ದಾರ; ಸಾಮಂತರಿಗೆ ಕಡು ಬಣ್ಣದ ಜೇಡ್, ಕೆಂಪು ದಾರ. ಕಂಡದ್ದಕ್ಕೆಲ್ಲ ಕೆಂಪು ಕಟ್ಟುವ ಈಗಿನ ರೂಢಿ ನನಗೆ ಹಿಡಿಸದು.

ಕುಚ್ಚಿಗೆ ನಮ್ಮಲ್ಲಿ ಸೀರೆ ಸೆರಗಿಗೆ ಬಳಸುವ ದಾರವೇ ಆಗುತ್ತದೆ. 20 ಸೆಂ.ಮೀ. ರಟ್ಟಿಗೆ ಸುಮಾರು 150 ಸುತ್ತು ಸುತ್ತಿ, ಮೇಲ್ತುದಿ ಕಟ್ಟಿ, ಕೆಳಗೆ ಕತ್ತರಿಸಿ, ಕುತ್ತಿಗೆ ಬಿಗಿಯಿರಿ. ಇನ್ನೊಂದು ತುಂಡು ದಾರದಿಂದ ಕಲ್ಲಿನ ಕೆಳಗೆ ತೂಗಿಸಿ. ಆಮೇಲೆ ಆವಿ ಹಿಡಿದು ಬಾಚಿ, ಒಣಗಿದ ಮೇಲೆ ಕಾಗದವನ್ನು ಬಿಗಿಯಾಗಿ ಸುತ್ತಿ ಅದರ ಅಂಚಿನ ಗುಂಟ ಕತ್ತರಿ ಆಡಿಸಿ. ಆವಿಗೆ ಮೊದಲೇ ತುದಿ ಸಮ ಮಾಡಿ ಕತ್ತರಿಸಿದರೆ ಸುರುಳಿ ಬಿಚ್ಚಿದಾಗ ಎಳೆಗಳು ಏರುಪೇರಾಗುತ್ತವೆ. ಒಟ್ಟು ಉದ್ದ 40 ಸೆಂ.ಮೀ. ದಾಟಬಾರದು, ಮೊಣಕಾಲಿನ ಕೆಳಗೆ ಇಳಿದರೆ ನಡೆಯುವಾಗ ಬಟ್ಟೆಗೆ ಸಿಕ್ಕುತ್ತದೆ.

ಪದಕವನ್ನು ರೇಷ್ಮೆ ನಡುಕಟ್ಟಿಗೆ ತೂಗಿಸಬೇಡಿ, ಅದು ಜೋಲುತ್ತದೆ. ಭಾರ ಹೊರುವುದು ಒಳಗಿನ ತೊಗಲು ಪಟ್ಟಿ. ಅದರ ಕಂಚಿನ ಕೊಕ್ಕೆ ‘ದಾಯ್‌ಗೌ’ಗೆ ಹಿಂಬದಿಯಲ್ಲಿ ಒಂದು ಗುಂಡಿ ಇರುತ್ತದೆ, ಗುಂಡಿ ಪಟ್ಟಿಯ ಒಂದು ತುದಿಯ ಸೀಳಿಗೆ, ಕೊಕ್ಕೆ ಇನ್ನೊಂದು ತುದಿಯ ತೂತಿಗೆ. ತೊಗಲು 3 ಮಿ.ಮೀ. ಇದ್ದರೆ ಗುಂಡಿಗೂ ಕೊಕ್ಕೆಯ ಮೈಗೂ ನಡುವಿನ ಸಂದು 4 ಮಿ.ಮೀ. ಇರಲಿ, ಹೆಚ್ಚಾದರೆ ಕೊಕ್ಕೆ ಮಗುಚುತ್ತದೆ. ಬಿಗಿತ ಇದ್ದಷ್ಟು ಹೊತ್ತೇ ಕೊಕ್ಕೆ ನಿಲ್ಲುವುದರಿಂದ ಕುಳಿತಾಗ ಪಟ್ಟಿ ಸಡಿಲಾಗಿ ಕಳಚುವುದುಂಟು. ಅದಕ್ಕೇ ಎರಡು ಸೆಂ.ಮೀ. ಅಂತರದಲ್ಲಿ ಮೂರು ತೂತು ಹಾಕಿ, ಪ್ರತಿಯೊಂದರ ಸುತ್ತ ಹೊಲಿಗೆ ಕೊಡುತ್ತೇನೆ.